ಲೆಕ್ಕಕ್ಕುಂಟು, ಆಟಕ್ಕಿಲ್ಲ

ಭಾಗ 1/8

ಹೋದ ತಿಂಗಳು ನಾನೊಂದು ರೀಲ್ ಹಾಕಿದ್ದೆ, ನೆನಪಿದ್ಯಾ? ನನ್ನ ಅಕ್ಕನ ಮಗ. ಜರ್ಸಿ ಮೊಣಕಾಲಿನ ತನಕ ಇಳಿದಿದೆ. ಬಾಲ್ ಮುಂದೆ ನಿಂತ್ಕೊಂಡು ಬಾಯಿ ಬಿಟ್ಟು ಅಳ್ತಿದಾನೆ. ಹಿಂದೆ ಒಂದು ಕಾಮಿಡಿ ಡೈಲಾಗ್ ಸೇರಿಸಿ, ಮೇಲೆ "ಸೋಮವಾರ ಬೆಳಿಗ್ಗೆ ಕಾಲೇಜಿಗೆ ಹೊರಟ ನಾನು" ಅಂತ ಬರೆದಿದ್ದೆ. ನನ್ನ ಪೇಜಲ್ಲಿ ಯಾವುದಕ್ಕೂ ಬರದಷ್ಟು ವ್ಯೂಸ್ ಅದಕ್ಕೆ ಬಂತು. ನಮ್ಮ ಕ್ಲಾಸಿನ ಅರ್ಧ ಜನ ಸ್ಟೋರಿಗೆ ಹಾಕಿದ್ರಿ. ನೀವು ನಕ್ಕಿದ್ರಿ, ನಾನೂ ನಕ್ಕೆ.

ಆ ರೀಲ್ ಡಿಲೀಟ್ ಮಾಡಿದೀನಿ. ಯಾಕೆ ಅಂತ ತುಂಬ ಜನ ಮೆಸೇಜ್ ಮಾಡಿದ್ರಿ. ಒಂದು ಸಾಲಲ್ಲಿ ಹೇಳೋಕಾಗಲ್ಲ, ಅದಕ್ಕೇ ಈ ಎಂಟು ಭಾಗ. ಉದ್ದ ಆಯ್ತು ಅಂತ ಬೈಕೊಳ್ಳಿ, ಆದ್ರೆ ಕೊನೆ ತನಕ ಓದಿ.

ಆ ಹುಡುಗನಿಗೆ ಎರಡು ವರ್ಷ ಎಂಟು ತಿಂಗಳು. ನಾವು ಪುಟ್ಟ ಅಂತ ಕರಿಯೋದು. ಅವನು ಅಳ್ತಿದ್ದದ್ದು ಮೈಸೂರಿನ ಒಂದು ಟಾಡ್ಲರ್ ಫುಟ್‌ಬಾಲ್ ಕ್ಲಾಸಲ್ಲಿ. ಯಾವ ಕ್ಲಾಸ್ ಅಂತ ಹೇಳಲ್ಲ, ಕಾಮೆಂಟಲ್ಲಿ ಕೇಳ್ಬೇಡಿ. ನನ್ನ ಜಗಳ ಒಂದು ಕ್ಲಾಸ್ ಜೊತೆ ಇಲ್ಲ. ಇವತ್ತು ಮೈಸೂರು, ನಾಳೆ ಕೊಳ್ಳೇಗಾಲ, ನಾಡಿದ್ದು ಯಳಂದೂರು. ಬೋರ್ಡ್ ಬರೋಕೆ ಎಷ್ಟೊತ್ತು?

ನನ್ನ ವಾದ ಮೊದಲೇ ಹೇಳ್ಬಿಡ್ತೀನಿ. ಮೂರು ವರ್ಷ ತುಂಬದ ಕೂಸನ್ನ ಲೈನಲ್ಲಿ ನಿಲ್ಲಿಸಿ, ಸೀಟಿ ಊದಿ, ಟರ್ಮ್ ಫೀಸ್ ತಗೊಂಡು "ಸ್ಪೋರ್ಟ್ಸ್" ಕಲಿಸೋದು ದೊಡ್ಡೋರ ಭಯದ ಮೇಲೆ ನಡೆಯೋ ವ್ಯಾಪಾರ. ಆ ವ್ಯಾಪಾರಕ್ಕೆ ಬಿಟ್ಟಿ ಜಾಹೀರಾತು ಮಾಡ್ತಿರೋರು ನಮ್ಮಂಥ ರೀಲ್ ಹಾಕೋರು, ಶೇರ್ ಮಾಡೋರು.

ಭಾಗ 2/8

ಎಕ್ಸಾಮ್ ಮುಗಿಸಿ ಒಂದು ವಾರ ಅಕ್ಕನ ಮನೇಲಿದ್ದೆ. ಅಕ್ಕ, ಭಾವ ಇಬ್ಬರೂ ಕೆಲಸಕ್ಕೆ ಹೋಗ್ತಾರೆ. ಹಾಗಾಗಿ ಪುಟ್ಟನ್ನ ಕ್ಲಾಸಿಗೆ ಕರ್ಕೊಂಡು ಹೋಗೋದು ನನ್ನ ಪಾಲಿಗೆ ಬಂತು.

ಹಸಿರು ಟರ್ಫ್, ಬಣ್ಣಬಣ್ಣದ ಕೋನ್, ಹನ್ನೊಂದು ಮಕ್ಕಳು. ಮನೆಯವರು ನೆಟ್‌ನಿಂದ ಆಚೆ. ಒಳಗೆ ಬರೋ ಹಾಗಿಲ್ಲ. ಮನೆಯವರನ್ನ ಕಂಡ್ರೆ ಮಕ್ಕಳು ಅಳ್ತಾರೆ ಅಂತ ರೂಲು.

ಪುಟ್ಟನಿಗೆ ಬಾಲ್ ಅಂದ್ರೆ ಪ್ರಾಣ. ಮನೇಲಿ ಮಂಚದ ಕೆಳಗೆ ಒದ್ದು, ತೆವಳ್ಕೊಂಡು ಹೋಗಿ ತಂದು, ತಬ್ಕೊಂಡು, ಮತ್ತೆ ಒದೀತಿದ್ದ. ಕ್ಲಾಸಲ್ಲಿ ಬಾಲ್ ಕಂಡ ತಕ್ಷಣ ಓಡಿ ಹೋಗಿ ಎರಡೂ ಕೈಲಿ ಎತ್ಕೊಂಡ. "ನೋ ಹ್ಯಾಂಡ್ಸ್!" ಅಂತ ಕಿತ್ಕೊಂಡ್ರು. ಅವನು ಕಲಿತ ಮೊದಲ ಪಾಠ ಅದು. ಆಮೇಲೆ ಲೈನು. ಅವನ ಮುಂದೆ ಐದು ಮಕ್ಕಳು. ಟರ್ಫ್ ಅಂಚಲ್ಲಿ ಇರುವೆ ಸಾಲು ಹೋಗ್ತಿತ್ತು, ಬಗ್ಗಿ ನೋಡೋಕೆ ಹೋದ. ಭುಜ ಹಿಡಿದು ವಾಪಸ್ ಲೈನಿಗೆ. ಮತ್ತೆ ಹೋದ, ಮತ್ತೆ ವಾಪಸ್. ಮೂರನೇ ಸಲ ಸೀಟಿ ಊದಿದ್ರು. ಬೆಚ್ಚಿಬಿದ್ದ. ನನ್ನ ಹುಡುಕಿದ. ನಾನು ನೆಟ್‌ನ ಆಚೆ.

"ಎರಡು ನಿಮಿಷ ಅಳ್ಲಿ ಮೇಡಂ, ಸೆಟ್ ಆಗ್ತಾರೆ" ಅಂದ್ರು.

ಕೋಚ್ ಕೆಟ್ಟೋನಲ್ಲ. ನಮಗಿಂತ ಎರಡು ಮೂರು ವರ್ಷ ದೊಡ್ಡೋನು ಇರ್ಬೇಕು. ಹನ್ನೊಂದು ಕೂಸುಗಳ ಮಧ್ಯೆ ಬೆವರು ಸುರಿಸ್ಕೊಂಡು ನಿಂತಿದ್ದ. ಅವನಿಗೆ ಕೊಟ್ಟಿರೋ ಕೆಲಸವೇ ಆಗದ ಕೆಲಸ.

ನಾನೇನು ಮಾಡಿದೆ? ಫೋನ್ ತೆಗೆದೆ. ಒಳಗೆ ನುಗ್ಗಿ ಎತ್ಕೊಳ್ಳೋ ಬದಲು ಝೂಮ್ ಮಾಡಿದೆ. ನೀವು ನೋಡಿದ ರೀಲ್ ಅದೇ.

ಮಾರನೇ ದಿನ ಬೆಳಿಗ್ಗೆ ನಾನು ಮನೇಲಿ ಅವನ ಬಾಲ್ ಉರುಳಿಸಿದೆ. ಎರಡು ಹೆಜ್ಜೆ ಹಿಂದಕ್ಕೆ ಹೋದ. "ಚಿಕ್ಕಿ, ಬಾಲ್ ಬ್ಯಾಡ" ಅಂದ.

ಹತ್ತಿರ ಹತ್ತಿರ ಎರಡು ತಿಂಗಳಾಯ್ತು. ಇನ್ನೂ ಮುಟ್ಟಿಲ್ಲ.

ಭಾಗ 3/8

ನಾವು ಬಿ.ಕಾಂ.ನವರು ತಾನೇ, ಒಂದು ಕಾಸ್ಟ್ ಶೀಟ್ ಹಾಕೋಣ.

ರಿಜಿಸ್ಟ್ರೇಷನ್ 1,000 ರೂಪಾಯಿ, ವಾಪಸ್ ಇಲ್ಲ. ಜರ್ಸಿ, ಸಾಕ್ಸ್, ಶಿನ್ ಗಾರ್ಡ್ ಸೇರಿ ಕಿಟ್ 1,800. ತಿಂಗಳಿಗೆ 2,400ರಂತೆ ಮೂರು ತಿಂಗಳದ್ದು ಒಟ್ಟಿಗೇ ಕಟ್ಬೇಕು, 7,200. ಟೋಟಲ್ 10,000. ವಾರಕ್ಕೆ ಎರಡರಂತೆ 24 ಕ್ಲಾಸ್. ಒಂದಕ್ಕೆ ಸುಮಾರು 417 ರೂಪಾಯಿ. ಜ್ವರ, ನೆಗಡಿ, ಅಳು ಅಂತ ಹದಿನೈದು ತಪ್ಪಿ ಒಂಬತ್ತು ಮಾತ್ರ ಹೋದ್ರೆ, ಒಂದಕ್ಕೆ 1,111.

ಬಿಡಿಸ್ಬಿಡು ಅಂದೆ ಅಕ್ಕಂಗೆ. "ಮೂರು ತಿಂಗಳ ದುಡ್ಡು ಕಟ್ಟಿದೀವಲ್ಲೇ" ಅಂದ್ಲು.

ಫ್ರೆಂಡ್ಸ್, ಇದನ್ನ ನಾವು ಓದಿದೀವಿ. ಸಂಕ್ ಕಾಸ್ಟ್. ಈಗಾಗಲೇ ಖರ್ಚಾಗಿ, ಏನು ಮಾಡಿದ್ರೂ ವಾಪಸ್ ಬರದ ದುಡ್ಡು. ಮುಂದಿನ ನಿರ್ಧಾರದಲ್ಲಿ ಅದನ್ನ ಸೇರಿಸಬಾರದು ಅಂತ ಎರಡು ಮಾರ್ಕ್ಸಿಗೆ ಬರೀತೀವಿ. ಕ್ಲಾಸಿಗೆ ಕಳಿಸಿದ್ರೂ ಆ ಹತ್ತು ಸಾವಿರ ಹೋಯ್ತು, ಕಳಿಸದಿದ್ರೂ ಹೋಯ್ತು. ಉಳಿದಿರೋ ಪ್ರಶ್ನೆ ಒಂದೇ. ಇನ್ನೂ ಒಂದು ದಿನ ಅವನನ್ನ ಅಳಿಸಬೇಕಾ, ಬೇಡ್ವಾ?

ಇನ್ನೊಂದು ಪ್ರಶ್ನೆ. ಈ ವ್ಯಾಪಾರದಲ್ಲಿ ಗಿರಾಕಿ ಯಾರು? ಪುಟ್ಟ ಅಂತೂ ಅಲ್ಲ. ಅವನಿಗೆ ಜರ್ಸಿ ಬೇಕಿಲ್ಲ, ಶಿನ್ ಗಾರ್ಡ್ ಬೇಕಿಲ್ಲ, ಟರ್ಮ್ ಕೊನೇಲಿ ಕೊಡೋ ಸರ್ಟಿಫಿಕೇಟ್ ಓದೋಕೇ ಬರಲ್ಲ. ಗಿರಾಕಿ ನೆಟ್‌ನ ಆಚೆ ನಿಂತಿರೋ ನಾವು. ನಾವು ಕೊಂಡ್ಕೊಳ್ತಿರೋ ಸರಕು ನೆಮ್ಮದಿ. "ಪಕ್ಕದ ಮನೆ ಮಗು ಮುಂದೆ ಹೋಯ್ತು, ನಮ್ಮದು ಹಿಂದೆ ಬಿತ್ತು" ಅನ್ನೋ ಭಯಕ್ಕೆ ಮೂರು ತಿಂಗಳ ಮಾತ್ರೆ. ಅದಕ್ಕೇ ಕ್ಲಾಸಲ್ಲಿ ಎಲ್ಲವೂ ಆಚೆ ನಿಂತೋರಿಗೆ ಚೆನ್ನಾಗಿ ಕಾಣೋ ಥರ ಇರುತ್ತೆ.

ಭಾಗ 4/8

"ಕ್ಲಾಸಿಗೆ ಹಾಕಿದ್ರೆ ಮೈಗೆ ವ್ಯಾಯಾಮ ಆದ್ರೂ ಆಗುತ್ತಲ್ಲ" ಅಂದೋರಿಗೆ ಈ ಭಾಗ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಅಂತಲೇ ಒಂದು ಮಾರ್ಗಸೂಚಿ ತಂತು. ಒಂದರಿಂದ ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು. ಒಂದೇ ಸಲ ಅಲ್ಲ, ದಿನವಿಡೀ ಹರಡಿಕೊಂಡಂತೆ. ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು. ಎರಡು ವರ್ಷದ ಮಗುವಿಗೆ ಸ್ಕ್ರೀನ್ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಮ್ಮಿ ಆದಷ್ಟೂ ಒಳ್ಳೇದು.

ಈಗ ಲೆಕ್ಕ. ದಿನಕ್ಕೆ 180 ಅಂದ್ರೆ ವಾರಕ್ಕೆ 1,260 ನಿಮಿಷ. ಪುಟ್ಟನ ಕ್ಲಾಸ್ 45 ನಿಮಿಷದ್ದು, ವಾರಕ್ಕೆ ಎರಡು, ಒಟ್ಟು 90 ನಿಮಿಷ. ಅಂದ್ರೆ ನೂರಕ್ಕೆ ಏಳು. ಅದರಲ್ಲೂ ಅರ್ಧ ಲೈನಲ್ಲಿ ನಿಂತಿದ್ದು. ಹತ್ತು ಸಾವಿರ ಕೊಟ್ರೂ ಉಳಿದ ತೊಂಬತ್ಮೂರು ಭಾಗ ಮನೆ, ಬೀದಿ, ಅಂಗಳದಲ್ಲೇ ಆಗಬೇಕು. ಅಲ್ಲಿ ಆಗ್ತಿದ್ರೆ ಕ್ಲಾಸ್ ಯಾಕೆ? ಅಲ್ಲಿ ಆಗ್ತಿಲ್ಲ ಅಂದ್ರೆ ಕ್ಲಾಸಿಂದ ಏನಾದಂಗಾಯ್ತು?

ಇನ್ನು ದೇಹದ ವಿಷಯ. ಎರಡು ವರ್ಷದ ಮಗು ಓಡುತ್ತೆ, ಬಾಲ್ ಒದೆಯುತ್ತೆ. ಎರಡೂವರೆ ಹೊತ್ತಿಗೆ ಎರಡೂ ಕಾಲು ಎತ್ತಿ ನೆಗೆಯುತ್ತೆ. ದೊಡ್ಡ ಬಾಲನ್ನ ಹೆಚ್ಚಿನ ಸಲ ಹಿಡಿಯೋಕೆ ಬರೋದು ನಾಲ್ಕರ ಹೊತ್ತಿಗೆ. ಎರಡರ ಮಕ್ಕಳು ಒಬ್ಬರ ಪಕ್ಕ ಒಬ್ಬರು ಕೂತು ತಮ್ಮ ತಮ್ಮ ಆಟ ಆಡ್ತವೆ. ಸರದಿ ಕಾಯೋದು, ಪಾಸ್ ಕೊಡೋದು, ಟೀಮ್ ಅನ್ನೋದು ಆ ತಲೆಯಲ್ಲಿ ಇನ್ನೂ ಹುಟ್ಟೇ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳೋದೂ ಇದನ್ನೇ. ನಿಯಮ ಇರೋ ಸಂಘಟಿತ ಕ್ರೀಡೆಗೆ ಹೆಚ್ಚಿನ ಮಕ್ಕಳು ತಯಾರಾಗೋದು ಆರು ವರ್ಷದ ಆಸುಪಾಸು. ಅಲ್ಲಿ ತನಕ ಬಿಡುಬೀಸಾದ ಆಟ ಸಾಕು.

ಪುಟ್ಟ ಲೈನಲ್ಲಿ ನಿಲ್ಲದೇ ಇರುವೆ ನೋಡೋಕೆ ಹೋಗಿದ್ದು ಹಟ ಅಲ್ಲ. ಅವನ ವಯಸ್ಸು.

ಭಾಗ 5/8

"ಎಳೇದ್ರಲ್ಲೇ ಶುರು ಮಾಡಿಸ್ದಿದ್ರೆ ಚಾಂಪಿಯನ್ ಹೆಂಗಾಗ್ತಾನೆ?" ಈ ಮಾತು ಭಾವನದ್ದು. ನಮ್ಮ ಕ್ಲಾಸಲ್ಲೂ ಕೇಳಿದೀನಿ.

ಒಡಿಶಾದ ಬುಧಿಯಾ ಸಿಂಗ್ ಹೆಸರು ಕೇಳಿದೀರಾ? 2006ರ ಮೇ ತಿಂಗಳಲ್ಲಿ, ನಾಲ್ಕು ವರ್ಷದ ಆ ಹುಡುಗನ್ನ ಪುರಿಯಿಂದ ಭುವನೇಶ್ವರದ ಕಡೆಗೆ 65 ಕಿಲೋಮೀಟರ್ ಓಡಿಸಿದ್ರು. 7 ಗಂಟೆ 2 ನಿಮಿಷ, ಬಿಸಿಲಲ್ಲಿ. ಕೊನೇಲಿ ಕುಸಿದುಬಿದ್ದ. ದೇಶವೆಲ್ಲ ಚಪ್ಪಾಳೆ ಹೊಡೀತು, ಟಿ.ವಿ.ಯವರು ಹಿಂದೆ ಬಿದ್ರು. ಆಮೇಲೆ ಸರ್ಕಾರವೇ ಅವನ ಮ್ಯಾರಥಾನ್ ನಿಲ್ಲಿಸಬೇಕಾಯ್ತು. 2016ರಲ್ಲಿ ಸಿನಿಮಾನೂ ಬಂತು. ಒಲಿಂಪಿಕ್ಸ್ ಮಾತ್ರ ಬರಲಿಲ್ಲ.

ಈಗ ನಮ್ಮ ಪ್ರಕಾಶ್ ಪಡುಕೋಣೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮನೆ ಹತ್ತಿರದ ಕೆನರಾ ಯೂನಿಯನ್ನಿನ ಕಲ್ಯಾಣ ಮಂಟಪದಲ್ಲಿ ಆಡ್ತಾ ಬೆಳೆದೋರು. ಮದುವೆ ಇದ್ದ ದಿನ ಬ್ಯಾಡ್ಮಿಂಟನ್ ಇಲ್ಲ. ಮೊದಲ ಟೂರ್ನಿ ಆಡಿದ್ದು 1962ರಲ್ಲಿ, ಏಳನೇ ವಯಸ್ಸಿಗೆ. ಮೊದಲ ಸುತ್ತಲ್ಲೇ ಸೋತ್ರು. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ರು. ನೀರಜ್ ಚೋಪ್ರಾ ಜಾವೆಲಿನ್ ಹಿಡಿದದ್ದು ಹದಿಮೂರರ ಸುಮಾರಿಗೆ. ಎರಡೂವರೆ ವರ್ಷಕ್ಕೆ ಯಾರೂ ಅವರನ್ನ ಲೈನಲ್ಲಿ ನಿಲ್ಲಿಸಿರ್ಲಿಲ್ಲ.

ಎರಡು ಮೂರು ಹೆಸರು ಹೇಳಿ ವಾದ ಗೆದ್ದೆ ಅನ್ನಲ್ಲ. ಬೇಗ ಶುರು ಮಾಡಿ ಗೆದ್ದೋರೂ ಇದಾರೆ. ಆದ್ರೆ ಅದಿಲ್ಲದಿದ್ರೆ ಆಗೋದೇ ಇಲ್ಲ ಅನ್ನೋದು ಸುಳ್ಳು.

ನಿಜವಾಗಿ ಹೊಟ್ಟೆ ಉರಿಯೋ ಮಾತು ಹೇಳಿದ್ದು ಬಿಳಿಗಿರಿರಂಗನ ಬೆಟ್ಟದ ಪೋಡಿಂದ ಕಾಲೇಜಿಗೆ ಬರೋ ನಮ್ಮ ಗೆಳೆಯ. ಹೈಸ್ಕೂಲಲ್ಲಿ ಓಟದಲ್ಲಿ ಅವನನ್ನ ಹಿಡಿಯೋರಿರ್ಲಿಲ್ಲ. "ಪೋಡಲ್ಲಿ ಚಿಕ್ಕೋರ್ಗ ಯಾರೂ ಓಡದು ಹೇಳ್ಕೊಡಲ್ಲ. ದೊಡ್ಡೋರ ಹಿಂದ ಹೋಯ್ತವ, ಬೀಳ್ತವ, ಎದ್ದು ಬತ್ತವ. ನಂಗ ಕೋಚ್ ಬೇಕಾಗಿದ್ದು ಹದಿಮೂರ್ನೇ ವರ್ಷಕ್ಕ. ಆಗ ಯಾರೂ ಇರ್ನಿಲ್ಲ. ಒಂದ್ ಜೊತೆ ಶೂನೂ ಇರ್ನಿಲ್ಲ" ಅಂದ.

ಕೋಚ್ ಬೇಕಾದ ವಯಸ್ಸಲ್ಲಿ ಬೆಟ್ಟದ ಹುಡುಗನಿಗೆ ಇಲ್ಲ. ಬೇಡದ ವಯಸ್ಸಲ್ಲಿ ಟೌನಿನ ಕೂಸಿಗೆ ಇಬ್ಬರು. ದುಡ್ಡು ಹೋದ ಕಡೆ ಕೋಚ್ ಹೋಗ್ತಾರೆ, ಅಷ್ಟೇ.

ಭಾಗ 6/8

ನಮ್ಮ ಕನ್ನಡದಲ್ಲಿ ಒಂದು ಮಾತಿದೆ. ಆಟಕ್ಕುಂಟು ಲೆಕ್ಕಕ್ಕಿಲ್ಲ.

ಈಗ ಇದನ್ನ ಬೈಗುಳ ಥರ ಬಳಸ್ತೀವಿ. ಗ್ರೂಪಲ್ಲಿ ಯಾರ ಮಾತೂ ನಡೆಯದೋನಿಗೆ, ಆಫೀಸಲ್ಲಿ ಬೆಲೆ ಇಲ್ಲದೋನಿಗೆ. ಆದ್ರೆ ಬೀದಿ ಆಟದಲ್ಲಿ ಇದರ ಅರ್ಥ ಏನಿತ್ತು ನೆನಪು ಮಾಡ್ಕೊಳ್ಳಿ.

ಲಗೋರಿ ಆಡ್ತಿದೀವಿ. ಯಾರದ್ದೋ ತಂಗಿ, ಮೂರು ವರ್ಷದ್ದು, "ನಾನೂ ಬತ್ತೀನಿ" ಅಂತ ಅಳುತ್ತೆ. ಬೇಡ ಅಂದ್ರೆ ಅವ್ವ ಬೈತಾರೆ. ಸೇರಿಸ್ಕೊಂಡ್ರೆ ಆಟ ಕೆಡುತ್ತೆ. ಆಗ ದೊಡ್ಡೋರೊಬ್ಬರು ತೀರ್ಪು ಕೊಡ್ತಾರೆ. "ಅವಳು ಆಟಕ್ಕುಂಟು ಲೆಕ್ಕಕ್ಕಿಲ್ಲ." ಅಂದ್ರೆ ಓಡ್ಬಹುದು, ಕಲ್ಲು ಜೋಡಿಸ್ಬಹುದು, ಕಿರುಚ್ಬಹುದು. ಚೆಂಡು ತಗುಲಿದ್ರೆ ಔಟ್ ಇಲ್ಲ. ಮಧ್ಯದಲ್ಲಿ ಬೇಜಾರಾಗಿ ಮಣ್ಣಲ್ಲಿ ಕೂತ್ರೂ ಯಾರೂ ಕೇಳಲ್ಲ. ಕಣ್ಣಾಮುಚ್ಚಾಲೇಲೂ ಹಾಗೇ, ಕುಂಟೆಬಿಲ್ಲೇಲೂ ಹಾಗೇ. ನೋಡ್ತಾ ನೋಡ್ತಾ ಆಟ ಮೈಗೆ ಇಳಿಯುತ್ತೆ. ಐದೋ ಆರೋ ವರ್ಷ ಆದಾಗ ಒಂದಿನ ಯಾರೋ ಹೇಳ್ತಾರೆ, "ಇವತ್ತಿಂದ ನೀನೂ ಲೆಕ್ಕಕ್ಕುಂಟು ಕಣೇ." ನಾನು ಆ ದಿನ ಕುಣಿದಾಡಿದ್ದೆ. ನಿಮಗೂ ನೆನಪಿರುತ್ತೆ.

ಆ ಆರು ವರ್ಷವನ್ನ ನೋಡಿ. ಅಮೆರಿಕದ ವೈದ್ಯರು ಹೇಳೋ ವಯಸ್ಸೂ ಅದೇ.

ನಾರ್ವೆ ಅಂತ ದೇಶ ಇದೆ. ಜನಸಂಖ್ಯೆ ಬೆಂಗಳೂರಿಗಿಂತ ಕಮ್ಮಿ. ಅಲ್ಲಿ ಮಕ್ಕಳ ಕ್ರೀಡೆಗೆ ಪ್ರತ್ಯೇಕ ನಿಯಮ ಇದೆ. ಹನ್ನೊಂದು ವರ್ಷ ಆಗೋ ತನಕ ಅಂಕಪಟ್ಟಿ, ರ‍್ಯಾಂಕಿಂಗ್ ಇಡಬಾರದು. ಹದಿಮೂರರ ತನಕ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನೋದನ್ನ ಅವರು ರೂಲ್ ಬುಕ್ಕಲ್ಲಿ ಬರೆದಿಟ್ಟಿದಾರೆ ಅನ್ನಿ. ಅದೇ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಲ್ಲಿ 16 ಚಿನ್ನ ಗೆದ್ದು ದಾಖಲೆ ಮಾಡ್ತು.

ನಾವು ಮಾತನ್ನೇ ತಿರುಗಿಸಿಟ್ಟಿದೀವಿ. ಪುಟ್ಟನ ಹೆಸರು ಫೀಸ್ ರಿಜಿಸ್ಟರಲ್ಲಿದೆ, ಅಟೆಂಡೆನ್ಸಲ್ಲಿದೆ, ಸರ್ಟಿಫಿಕೇಟಲ್ಲಿ ಬರುತ್ತೆ. ಅವನ ಅಳು ನನ್ನ ವ್ಯೂಸ್ ಕೌಂಟಲ್ಲಿತ್ತು. ಬಾಲ್ ಮಾತ್ರ ಅವನ ಕೈಲಿಲ್ಲ. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಭಾಗ 7/8

ಇಷ್ಟೆಲ್ಲ ಅಕ್ಕಂಗೆ ಫೋನಲ್ಲಿ ಹೇಳಿದೆ. ಅವಳು ಕೊಟ್ಟ ಉತ್ತರ ಇದು, ಹಾಗೇ ಬರೀತೀನಿ.

"ನಿಂಗೇನೇ, ಹಟ್ಟಿ ಮುಂದೆ ಬಯಲಿದೆ, ಮಾತಾಡ್ತೀಯ. ನಾವಿರೋದು ಎರಡನೇ ಮಹಡೀಲಿ. ಕೆಳಗೆ ಪಾರ್ಕಿಂಗು. ಬೀದಿಗೆ ಬಿಟ್ರೆ ಬೈಕು ಗುದ್ದುತ್ತೆ. ಪಾರ್ಕಲ್ಲಿ ಬಾಲ್ ಆಡಬಾರದು ಅಂತ ಬೋರ್ಡು. ಮನೇಲಿಟ್ರೆ ಫೋನ್ ಕೇಳ್ತಾನೆ. ಕ್ಲಾಸಿಗೆ ಹಾಕ್ದೆ ನಾನೇನು ಮಾಡ್ಲಿ ಹೇಳು?"

ನನ್ನ ಹತ್ರ ಉತ್ತರ ಇರ್ಲಿಲ್ಲ. ಅವಳ ತಪ್ಪು ಅಂತ ನಾನು ಹೇಳ್ತಿಲ್ಲ. ಆಡೋ ಜಾಗ ಕಿತ್ಕೊಂಡೋರು ಬೇರೆ, ಅದನ್ನೇ 45 ನಿಮಿಷದ ತುಂಡು ಮಾಡಿ ವಾಪಸ್ ಮಾರ್ತಿರೋರು ಬೇರೆ. ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡು ಗಿಲ್ಟ್ ಪಡ್ತಿರೋಳು ನನ್ನ ಅಕ್ಕ. ನಮ್ಮ ರಾಜ್ಯದಲ್ಲಿ ಪಾರ್ಕ್, ಆಟದ ಬಯಲು ಉಳಿಸೋಕೆ ಅಂತಲೇ 1985ರಿಂದ ಕಾಯ್ದೆ ಇದೆ. ಕಾಯ್ದೆ ಇದ್ದೂ ಮೂರು ವರ್ಷದ ಕೂಸಿಗೆ ಬಾಲ್ ಒದೆಯೋಕೆ ಜಾಗ ಇಲ್ಲ ಅಂದ್ರೆ ನಾಚಿಕೆ ಪಡಬೇಕಾದದ್ದು ಅವಳಾ?

ನಮ್ಮ ಹಳ್ಳಿಗಳೇನು ಸ್ವರ್ಗ ಅಲ್ಲ. ಸ್ಕೂಲ್ ಬಯಲಿನ ಗೇಟಿಗೆ ಬೀಗ. ಕಾಡಂಚಿನ ಊರಲ್ಲಿ ಸಂಜೆ ಆದ್ರೆ ಆನೆ ಭಯ. ಇಲ್ಲೂ ಮಕ್ಕಳು ಜಗಲಿ ಮೇಲೆ ಫೋನ್ ಹಿಡ್ಕೊಂಡು ಕೂತಿರ್ತವೆ.

ಆದ್ರೆ ನಮ್ಮ ಹತ್ರ ಒಂದು ಆಸ್ತಿ ಇದೆ. ಅಂಗನವಾಡಿ. ಐಸಿಡಿಎಸ್ ಯೋಜನೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಪ್ರಯೋಗಕ್ಕೆ ಅಂತ ಶುರುವಾಯ್ತು. ಕರ್ನಾಟಕದಲ್ಲಿ ಮೊದಲು ಆರಿಸಿದ್ದು ನಮ್ಮ ಪಕ್ಕದ ತಿ. ನರಸೀಪುರ ತಾಲ್ಲೂಕನ್ನ. ಆಗ ನಾವೂ ಮೈಸೂರು ಜಿಲ್ಲೆಯವರೇ, ಚಾಮರಾಜನಗರ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಅಂಗನ ಅಂದ್ರೆ ಅಂಗಳ. ಹೆಸರಲ್ಲೇ ಅಂಗಳ ಇದೆ. ನಿಮ್ಮೂರಿನ ಅಂಗನವಾಡಿಗೆ ಅಂಗಳ ಇದ್ಯಾ? ಇದ್ರೆ ಅಲ್ಲಿ ಮಕ್ಕಳು ಓಡ್ತಾವಾ, ಇಲ್ಲ ಪಾರ್ಥೇನಿಯಂ ಬೆಳೆದಿದ್ಯಾ? ನಾಳೆ ಕಾಲೇಜಿಗೆ ಬರ್ತಾ ನೋಡ್ಕೊಂಡು ಬನ್ನಿ.

ಭಾಗ 8/8

ಕ್ಲಾಸಿಗೆ ಸೇರಿಸಲೇಬೇಕು, ಬೇರೆ ದಾರಿ ಇಲ್ಲ ಅನ್ನೋರು ನಿಮ್ಮ ಮನೇಲೂ ಇರ್ತಾರೆ. ಅವರಿಗೆ ಈ ಐದು ಪ್ರಶ್ನೆ ಕಳಿಸಿ. ದುಡ್ಡು ಕಟ್ಟೋ ಮುಂಚೆ ಕೇಳಲಿ.

1. ಮನೆಯವರು ಒಳಗೆ, ಮಗುವಿನ ಪಕ್ಕದಲ್ಲೇ ಇರಬಹುದಾ?
2. ಪ್ರತಿ ಮಗುವಿಗೂ ಒಂದು ಬಾಲ್ ಇದ್ಯಾ, ಇಲ್ಲ ಸರದಿ ಕಾಯಬೇಕಾ?
3. ಮಗು ಬರಲ್ಲ ಅಂದ್ರೆ ಸುಮ್ನೆ ಕೂತು ನೋಡೋಕೆ ಬಿಡ್ತೀರಾ?
4. ಒಂದು ಕ್ಲಾಸ್ ನೋಡಿ, ಬೇಡ ಅನ್ಸಿದ್ರೆ ದುಡ್ಡು ವಾಪಸ್ಸಾ?
5. ಮಗುವಿನ ವೀಡಿಯೋ ನಿಮ್ಮ ಪೇಜಿಗೆ ಹಾಕ್ತೀರಾ? ಯಾರನ್ನ ಕೇಳಿ?

ಐದಕ್ಕೂ ಸರಿಯಾಗಿ ಉತ್ತರ ಕೊಡೋ ಜಾಗ ಸಿಕ್ಕಿದ್ರೆ ಸಂತೋಷವಾಗಿ ಹೋಗಿ. ಅದು ಕ್ಲಾಸ್ ಅಲ್ಲ, ಬಾಡಿಗೆ ಅಂಗಳ. ಟೌನಲ್ಲಿ ಅದೂ ಬೇಕು.

ಐದನೇ ಪ್ರಶ್ನೆ ನಮಗೂ ಸೇರಿದ್ದು. ಅಳ್ತಿರೋ ಮಗುವಿನ ರೀಲ್ ಬಂದ್ರೆ ಲೈಕ್ ಮಾಡ್ಬೇಡಿ, ಶೇರ್ ಮಾಡ್ಬೇಡಿ. ನಾನು ಹಾಕಿದ್ದನ್ನ ಸೇವ್ ಮಾಡ್ಕೊಂಡಿರೋರು ದಯವಿಟ್ಟು ಡಿಲೀಟ್ ಮಾಡಿ. ಅವನು ನನಗೆ ಒಪ್ಪಿಗೆ ಕೊಟ್ಟಿರ್ಲಿಲ್ಲ. ಕೊಡೋ ವಯಸ್ಸೂ ಅಲ್ಲ.

ಈ ಭಾನುವಾರ ಸಂಜೆ ನಾಲ್ಕಕ್ಕೆ ನಾವು ನಾಲ್ಕು ಜನ ನಮ್ಮೂರಿನ ಅಂಗನವಾಡಿ ಅಂಗಳ ಕ್ಲೀನ್ ಮಾಡ್ತಿದೀವಿ. ಟೀಚರ್ ಹತ್ರ ಪರ್ಮಿಷನ್ ತಗೊಂಡಾಗಿದೆ. ಗಾಜಿನ ಚೂರು ಆರಿಸಬೇಕು, ಕಳೆ ಕೀಳಬೇಕು, ಒಂದು ಗುಡ್ಡೆ ಮರಳು ಹಾಕಿಸಬೇಕು. ಹಳೇ ಟೈರ್ ಇದ್ರೆ ತನ್ನಿ. ಕೊಳ್ಳೇಗಾಲ, ಹನೂರು ಕಡೆಯೋರು ನಿಮ್ಮೂರಲ್ಲೇ ಮಾಡಿ. ಗ್ರಾಮಸಭೇಲಿ ಎದ್ದು ನಿಂತು ಅಂಗನವಾಡಿಗೆ ಅಂಗಳ, ಅಂಗಳಕ್ಕೆ ಬೇಲಿ ಕೇಳಿ. ನಮಗೂ ವೋಟಿದೆ.

ಪುಟ್ಟ ಈಗ ನಮ್ಮ ಮನೇಲಿದಾನೆ. ಮೊದಲೆರಡು ದಿನ ಅಜ್ಜಿ ಸೆರಗು ಬಿಡ್ಲಿಲ್ಲ. "ಕೂಸ್ನ ಏನ್ ಮಾಡ್ಬುಟ್ರಿ, ಇಂಗ್ಯಾಕ ಬೆಚ್ತದ" ಅಂತ ಅಜ್ಜಿ ನನ್ನೇ ಬೈದ್ರು. ಮೂರನೇ ದಿನ ಪಕ್ಕದ ಮನೆ ಮಕ್ಕಳು ಲಗೋರಿ ಆಡ್ತಿದ್ರು. ದೂರ ನಿಂತು ನೋಡಿದ. ಆಮೇಲೆ ಹೋಗಿ ಬಿದ್ದ ಕಲ್ಲನ್ನ ಒಂದೊಂದೇ ಎತ್ತಿ ಕೊಡೋಕೆ ಶುರು ಮಾಡಿದ. "ಅವ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಕಣ್ರೋ" ಅಂದ ಒಬ್ಬ ಹುಡುಗ. ಫೋನ್ ನನ್ನ ಕೈಲೇ ಇತ್ತು. ವೀಡಿಯೋ ಮಾಡ್ಲಿಲ್ಲ.

ಬಾಲ್ ಇನ್ನೂ ಮುಟ್ಟಿಲ್ಲ.

ಮುಂದಿನ ಟರ್ಮಿಗೆ ಫೀಸ್ ಕಟ್ಟೋಕೆ ಈ ತಿಂಗಳ ಕೊನೇ ದಿನ ಲಾಸ್ಟ್ ಡೇಟು. ಅಕ್ಕ, ನೀನು ಇದನ್ನ ಓದ್ತೀಯ ಅಂತ ನಂಗೊತ್ತು. ನಿನ್ನ ಬಗ್ಗೆ ಬರೆದೆ ಅಂತ ಕೋಪ ಮಾಡ್ಕೋ, ಪರವಾಗಿಲ್ಲ. ಕಟ್ಬೇಡ. ಭಾನುವಾರ ಊರಿಗೆ ಬಾ, ಅಂಗಳದಲ್ಲಿ ಮೂರೂ ಜನ ಕೂತ್ಕೊಳ್ಳೋಣ.

#ಆಟಕ್ಕುಂಟು_ಲೆಕ್ಕಕ್ಕಿಲ್ಲ #ಅಂಗಳ_ಕೊಡಿ #ಯಳಂದೂರು #ಕೊಳ್ಳೇಗಾಲ #ಹನೂರು #ಬಿಳಿಗಿರಿರಂಗನಬೆಟ್ಟ